ಕನ್ನಂಬಾಡಿ ತೆತ್ತ ಬೆಲೆ

ಕೃಷ್ಣರಾಜಸಾಗರವೆಂದೊಡನೆ ಮಂಡ್ಯದ ಕಬ್ಬು, ಬೃಂದಾವನದ ಕಾರಂಜಿ ನೆನಪಾಗುವುದು ಸಹಜ. ಆದರೆ ಈ ಕಟ್ಟೆಯ ಹುಟ್ಟಿನಲ್ಲಿ ಕೋಲಾರದ ಚಿನ್ನದ ಗಣಿಗೂ ಪಾಲುಂಟು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುಚ್ಛಕ್ತಿ ಹರಿಯಿತಷ್ಟೆ. ಗಣಿಯ ಹಸಿವು ಬೆಳೆಯಿತು, ಬೇಸಗೆಯ ಕಾವೇರಿಯೋ ಸೊರಗುತ್ತಿದ್ದಳು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಯಂತ್ರಕ್ಕೂ ಗದ್ದೆಗೂ ಬಿಡಬೇಕೆಂದು 1911ರಲ್ಲಿ ಕಟ್ಟೆಯ ಕೆಲಸ ತೊಡಗಿತು.

ಕನ್ನಂಬಾಡಿ ಎಂಬ ಊರೇ ಮುಳುಗಿತು. ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿಯೂ ನೀರಡಿಯಾಯಿತು; ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿತ್ತು. ಈಚೆಗೆ ಅದರ ಕಲ್ಲುಗಳನ್ನೆತ್ತಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಅಲ್ಲಿ ನಿಂತು ನಾನು ಹಿನ್ನೀರನ್ನು ನೋಡಿದ್ದೇನೆ. ದೇವರಿಗೆ ಮನೆ ದೊರೆತುದು ಸಂತೋಷವೇ. ಒಕ್ಕಲೆದ್ದವರ ಹೊಲಗಳನ್ನು ಎತ್ತಿ ತರುವವರುಂಟೆ? ಕಟ್ಟೆಗೆ ಅವಸರಪಡಿಸಿದ ಗಣಿ 2001ರಲ್ಲಿ ಮುಚ್ಚಿತು. ಅದೇ ಕಾವೇರಿಯನ್ನು ಈಗ ಬೆಂಗಳೂರು ಕುಡಿಯುತ್ತಿದೆ.