ಬೆಕ್ಕು, ಲಿಲಿ ಮತ್ತು ಕಾಲದ ಪ್ರಶ್ನೆ: ಮನೆಯೊಳಗಿನ ಸಸ್ಯವಿಷಗಳ ಒಂದು ವಿವೇಚನೆ

ಬೆಕ್ಕಿಗೆ ವಿಷಕಾರಿಯಾದ ಮನೆಗಿಡಗಳ ಪಟ್ಟಿಗಳಲ್ಲಿ ಮನಿ ಪ್ಲಾಂಟ್, ಲೋಳೆಸರ, ಸೈಕಸ್, ಲಿಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಬಾಯುರಿ ತಂದು ತಾನಾಗಿ ಶಮನವಾಗುವ ಗಿಡಕ್ಕೂ ಮೂರು ದಿನದೊಳಗೆ ಮೂತ್ರಪಿಂಡವನ್ನು ಕೆಡಿಸುವ ಗಿಡಕ್ಕೂ ಅಲ್ಲಿ ಭೇದವಿಲ್ಲ. ಈ ವಿಷಗಳನ್ನು ಅವು ಹಾಳುಮಾಡುವ ಅಂಗ ಮತ್ತು ಚಿಕಿತ್ಸೆಗೆ ಬಿಟ್ಟುಕೊಡುವ ಕಾಲ, ಇವೆರಡರಿಂದ ವರ್ಗೀಕರಿಸಬೇಕು ಎಂಬುದು ಈ ಲೇಖನದ ವಾದ. ಹಾಗೆ ನೋಡಿದಾಗ ಅತ್ಯಂತ ಅಪಾಯಕಾರಿಯಾದದ್ದು ಕುಂಡದಲ್ಲಿ ಬೆಳೆಯುವ ಗಿಡವಲ್ಲ, ಹೂಗುಚ್ಛದಲ್ಲಿ ಮನೆಗೆ ಬರುವ ಲಿಲಿ.

ಬೆಕ್ಕು ಮಾಂಸಾಹಾರಿ, ಗಿಡದ ಗೊಡವೆಗೆ ಹೋಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಗರಿಕೆ ಮೇಯುವ ಬೆಕ್ಕನ್ನು ಕಾಣದ ಹಳ್ಳಿಯಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಬೆಕ್ಕು ಸಾಕಿದವರನ್ನು ವಿಚಾರಿಸಿ, ಎಲೆ ತಿನ್ನುವುದು ಆರೋಗ್ಯವಂತ ಬೆಕ್ಕುಗಳ ಸಹಜ ಸ್ವಭಾವವೆಂದೇ ನಿರ್ಣಯಿಸಿದ್ದಾರೆ. ಬಾಲ್ಕನಿಯಲ್ಲಿ ಹುಲ್ಲಿಲ್ಲದ ಅಪಾರ್ಟ್‌ಮೆಂಟಿನ ಬೆಕ್ಕು ಸಿಕ್ಕಿದ ಎಲೆಗೆ ಬಾಯಿ ಹಾಕುತ್ತದೆ. ಜೊತೆಗೆ ಬೆಕ್ಕಿನ ದೇಹ ಮತ್ತು ಅಭ್ಯಾಸದ ಎರಡು ದೌರ್ಬಲ್ಯಗಳಿವೆ. ಅನೇಕ ರಾಸಾಯನಿಕಗಳನ್ನು ಗ್ಲುಕುರೋನಿಕ್ ಆಮ್ಲಕ್ಕೆ ಜೋಡಿಸಿ ಹೊರಹಾಕುವ ಕಿಣ್ವಗಳಲ್ಲಿ ಒಂದರ ಜೀನ್ ಬೆಕ್ಕಿನ ವಂಶದಲ್ಲಿ ನಿಷ್ಕ್ರಿಯವಾಗಿದೆ. ಪ್ಯಾರಾಸಿಟಮಾಲ್ ಅದಕ್ಕೆ ಮಾರಕವಾಗಲು ಇದು ಮುಖ್ಯ ಕಾರಣ. ಎರಡನೆಯದು, ಮೈ ನೆಕ್ಕಿ ಶುಚಿಮಾಡಿಕೊಳ್ಳುವ ಅಭ್ಯಾಸ. ಗಿಡವನ್ನು ಕಚ್ಚದಿದ್ದರೂ ತುಪ್ಪಳಕ್ಕೆ ಅಂಟಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವ ಮನಿ ಪ್ಲಾಂಟ್, ಡೀಫನ್‌ಬಾಕಿಯಾ, ಫಿಲೋಡೆಂಡ್ರಾನ್, ಮಾನ್‌ಸ್ಟೆರಾ ಎಲ್ಲವೂ ಕೆಸುವಿನ ಕುಟುಂಬದವು. ಇವುಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿರುತ್ತವೆ. ಎಲೆ ಕಚ್ಚಿದಾಗ ಅವು ನಾಲಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಪತ್ರೊಡೆಗೆ ಹುಣಸೆಹುಳಿ ಹಾಕುವವರಿಗೆ ಈ ತುರಿಕೆಯ ಪರಿಚಯ ಚೆನ್ನಾಗಿದೆ. ಜೊಲ್ಲು ಸುರಿಯುತ್ತದೆ, ಬೆಕ್ಕು ಮುಖ ಉಜ್ಜಿಕೊಳ್ಳುತ್ತದೆ, ವಾಂತಿಯಾಗಬಹುದು. ಗಂಟಲು ಊದಿ ಉಸಿರಿಗೆ ತೊಡಕಾದರೆ ಮಾತ್ರ ಅದು ತುರ್ತು. ನೋವೇ ಎಚ್ಚರಿಕೆಯಾಗುವುದರಿಂದ ಬೆಕ್ಕು ಎರಡನೆಯ ತುತ್ತು ತಿನ್ನುವುದು ಅಪರೂಪ.

ಸೈಕಸ್ ಬೇರೆ ಬಗೆಯದು. ಅದರಲ್ಲಿರುವ ಸೈಕಾಸಿನ್ ಎಂಬ ವಸ್ತುವನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಹೊರಬರುವ ಅಣು ಯಕೃತ್ತನ್ನು ನಾಶಮಾಡುತ್ತದೆ. ಗಿಡದ ಎಲ್ಲ ಭಾಗವೂ ವಿಷ, ಬೀಜ ಎಲ್ಲಕ್ಕಿಂತ ಹೆಚ್ಚು.

ಲಿಲಿಯ ವಿಷಯದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಲಿಲಿಯಮ್ ಕುಲದ ಏಷಿಯಾಟಿಕ್, ಓರಿಯೆಂಟಲ್, ಈಸ್ಟರ್ ಲಿಲಿಗಳು ಮತ್ತು ಹೆಮರೋಕ್ಯಾಲಿಸ್ ಕುಲದ ಡೇ ಲಿಲಿಗಳು ಬೆಕ್ಕಿನ ಮೂತ್ರಪಿಂಡಕ್ಕೆ ಮಾರಕ ಎಂಬುದು 1990ರ ದಶಕದಿಂದೀಚೆಗೆ ಪಶುವೈದ್ಯ ಸಾಹಿತ್ಯದಲ್ಲಿ ಸ್ಥಿರವಾಗಿದೆ. ಎಲೆ, ದಳ, ಪರಾಗ, ಹೂದಾನಿಯ ನೀರು ಯಾವುದೂ ಸುರಕ್ಷಿತವಲ್ಲ. ನಾಯಿ ಇದೇ ಹೂವನ್ನು ತಿಂದರೆ ಹೊಟ್ಟೆ ಕೆಡುತ್ತದೆ, ಅಷ್ಟೇ. ಹೂವಿನ ನೀರಿನ ಸಾರದಲ್ಲಿ ವಿಷವಿದೆಯೆಂದು 2004ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತಾದರೂ ಆ ಅಣು ಯಾವುದೆಂಬುದು ಇನ್ನೂ ಖಚಿತವಾಗಿಲ್ಲ. ಆದ್ದರಿಂದ ಪ್ರತಿವಿಷವೂ ಇಲ್ಲ.

ರೋಗದ ಗತಿಯೇ ಇಲ್ಲಿ ಮೋಸಗೊಳಿಸುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಮಂಕು. ಆಮೇಲೆ ವಾಂತಿ ನಿಲ್ಲುತ್ತದೆ. ಮನೆಯವರು ಚೇತರಿಸಿಕೊಂಡಿತೆಂದು ನೆಮ್ಮದಿಪಡುವುದು ಈಗಲೇ. ಒಳಗೆ ಮೂತ್ರನಾಳಿಕೆಗಳ ಒಳಪದರದ ಕೋಶಗಳು ಸಾಯುತ್ತಿರುತ್ತವೆ. 12ರಿಂದ 24 ಗಂಟೆಗಳ ಹೊತ್ತಿಗೆ ಬೆಕ್ಕು ಅತಿಯಾಗಿ ಮೂತ್ರ ಮಾಡಿ ಒಣಗುತ್ತದೆ; 24ರಿಂದ 72 ಗಂಟೆಗಳಲ್ಲಿ ಮೂತ್ರವೇ ನಿಂತುಹೋಗಬಹುದು. ಆಮೇಲೆ ಉಳಿಯುವ ದಾರಿ ಡಯಾಲಿಸಿಸ್, ಅದು ನಮ್ಮ ಹೆಚ್ಚಿನ ಊರುಗಳಲ್ಲಿ ಬೆಕ್ಕಿಗೆ ಎಟುಕದು. ಕೋಶಗಳು ಸತ್ತರೂ ಅವಕ್ಕೆ ಆಧಾರವಾದ ಪೊರೆ ಉಳಿದಿದ್ದರೆ ಹೊಸ ಕೋಶ ಹುಟ್ಟಬಲ್ಲದು. ರಕ್ತನಾಳದ ಮೂಲಕ ಎರಡು ಮೂರು ದಿನ ದ್ರವ ಕೊಡುವ ಚಿಕಿತ್ಸೆಯ ಆಸರೆ ಇದೇ. ಮೂತ್ರ ನಿಲ್ಲುವ ಮೊದಲು, ಸುಮಾರು 18 ಗಂಟೆಗಳೊಳಗೆ ಅದು ಆರಂಭವಾದರೆ ಬೆಕ್ಕು ಬದುಕುವ ಸಾಧ್ಯತೆ ಹೆಚ್ಚು. ಲಕ್ಷಣ ಕಾಣಲೆಂದು ಕಾಯುವುದು ಈ ವಿಷದಲ್ಲಿ ಅತ್ಯಂತ ದುಬಾರಿ ತಪ್ಪು ಎಂದು ನಾನು ಭಾವಿಸುತ್ತೇನೆ.

ಗುರುತಿಸುವಿಕೆಯೂ ಸುಲಭವಲ್ಲ. ನರ್ಸರಿಯಲ್ಲಿ ಪೀಸ್ ಲಿಲಿ ಎಂದು ಮಾರುವುದು ಕೆಸುವಿನ ಕುಟುಂಬದ್ದೇ. ಅದು ಬಾಯಿ ಸುಡುತ್ತದೆ, ಮೂತ್ರಪಿಂಡ ಕೆಡಿಸದು. ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ ಗೌರಿ ಹೂವನ್ನು ಇಂಗ್ಲಿಷಿನಲ್ಲಿ ಗ್ಲೋರಿ ಲಿಲಿ ಎನ್ನುತ್ತಾರೆ. ಅದರ ಕಾಲ್ಚಿಸಿನ್ ಕೋಶವಿಭಜನೆಯನ್ನೇ ತಡೆಯುವುದರಿಂದ ಬೆಕ್ಕಿಗೂ ಮನುಷ್ಯರಿಗೂ ಪ್ರಾಣಾಂತಿಕ, ಆದರೆ ಬೇರೆ ದಾರಿಯಿಂದ. ಮಾರುಕಟ್ಟೆಯ ಹೆಸರನ್ನು ನಂಬಿ ಚಿಕಿತ್ಸೆ ನಿರ್ಧರಿಸಲಾಗದು.

ಆದ್ದರಿಂದ ನರ್ಸರಿಯವರೂ ಹೂಗುಚ್ಛ ಮಾರುವವರೂ ಗಿಡದ ಕುಲನಾಮವನ್ನು ಚೀಟಿಯಲ್ಲಿ ಬರೆಯಬೇಕು. ಬೆಕ್ಕಿರುವ ಮನೆಗೆ ಲಿಲಿಯಮ್ ಮತ್ತು ಹೆಮರೋಕ್ಯಾಲಿಸ್ ಎರಡೂ ಬರಬಾರದು. ಪರಾಗಕೋಶ ಕತ್ತರಿಸಿ ಇಡುವುದು ಪರಿಹಾರವಲ್ಲ. ಹಸಿರು ಬೇಕೆನ್ನುವವರಿಗೆ ಅರೆಕಾ ಪಾಮ್, ಬಾಸ್ಟನ್ ಫರ್ನ್, ಸ್ಪೈಡರ್ ಪ್ಲಾಂಟ್ ಇವೆ, ಬೆಕ್ಕಿಗೆ ಒಂದು ಕುಂಡ ಗರಿಕೆ ಸಾಕು. ಬೆಕ್ಕು ಲಿಲಿಯನ್ನು ಮುಟ್ಟಿದ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತುಪ್ಪಳದ ಪರಾಗ ಒರೆಸಿ, ಗಿಡದ ಒಂದು ತುಂಡನ್ನು ಜೊತೆಗಿಟ್ಟುಕೊಂಡು ಅದೇ ಗಳಿಗೆ ಪಶುವೈದ್ಯರ ಬಳಿಗೆ ಹೊರಡಿ.