110 ಪೌಂಡಿಗೆ ಮಾರಿದ ಪ್ರೇಮಕಥೆ

(1/5)
ಹಸಿರು ರಟ್ಟು, ಅದರ ತುಂಬ ಗರಿ ಬಿಚ್ಚಿದ ಬಂಗಾರದ ನವಿಲು, ಪಕ್ಕದಲ್ಲಿ ಕಾಫಿ ಕಪ್. ಈ ಫೋಟೋನ ಇಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ನೋಡಿರ್ತೀರ. ಪುಸ್ತಕ ‘ಪ್ರೈಡ್ ಅಂಡ್ ಪ್ರಿಜುಡಿಸ್’. ಆ ನವಿಲು ಹುಟ್ಟಿದ್ದು 1894ರಲ್ಲಿ, ಲಂಡನ್ನಿನ ಜಾರ್ಜ್ ಅಲೆನ್ ಅನ್ನೋ ಪ್ರಕಾಶಕರು ಹೊರತಂದ ಆವೃತ್ತಿಗೆ. ಚಿತ್ರಕಾರ ಹ್ಯೂ ಥಾಮ್ಸನ್. ಅಷ್ಟೊತ್ತಿಗೆ ಕಾದಂಬರಿ ಬರೆದ ಜೇನ್ ಆಸ್ಟೆನ್ ತೀರಿಹೋಗಿ 77 ವರ್ಷ ಆಗಿತ್ತು. ಅವಳ ಕೈಗೆ ಬಂದ ಮೊದಲ ಪ್ರತಿಯಲ್ಲಿ ನವಿಲೂ ಇರ್ಲಿಲ್ಲ, ಅವಳ ಹೆಸರೂ ಇರ್ಲಿಲ್ಲ.

‘ಬಿಕಾಂ ಓದೋಳಿಗೆ ಇನ್ನೂರು ವರ್ಷದ ಹಳೇ ಲವ್ ಸ್ಟೋರಿ ಯಾಕೆ?’ ಅಂತ ಕ್ಲಾಸ್‌ನಲ್ಲಿ ಕೇಳ್ತಾನೇ ಇರ್ತೀರ. ಈ ಸಲ ಉತ್ತರ ನಮ್ಮ ಲೆಕ್ಕದ ಭಾಷೇಲೇ ಕೊಡ್ತೀನಿ.

(2/5)
ಜೇನ್ (ನಮ್ಮ ಹಾಸ್ಟೆಲ್ ರೂಮ್‌ನಲ್ಲಿ ಇವಳಿಗೆ ‘ಜೇನುತುಪ್ಪ’ ಅಂತಾನೇ ಹೆಸರು) ಹುಟ್ಟಿದ್ದು 1775ರಲ್ಲಿ, ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಸ್ಟೀವನ್‌ಟನ್ ಹಳ್ಳೀಲಿ. ಅಪ್ಪ ಚರ್ಚಿನ ಪಾದ್ರಿ. 1796ರಲ್ಲಿ, ಹೆಚ್ಚುಕಮ್ಮಿ ನಮ್ಮ ವಯಸ್ಸಿನಲ್ಲೇ, ಒಂದು ಕಾದಂಬರಿ ಶುರು ಮಾಡಿದ್ಲು. ಆಗ ಅದರ ಹೆಸರು ‘ಫಸ್ಟ್ ಇಂಪ್ರೆಷನ್ಸ್’. ಮರುವರ್ಷ ಮುಗಿಯಿತು. ಅವಳಪ್ಪ ಲಂಡನ್ನಿನ ಕ್ಯಾಡೆಲ್ ಅನ್ನೋ ಪ್ರಕಾಶಕರಿಗೆ ಪತ್ರ ಬರೆದು, ಒಂದು ಕಾದಂಬರಿ ಇದೆ, ನೋಡ್ತೀರಾ ಅಂತ ಕೇಳಿದ್ರು. ಮರು ಟಪಾಲಿನಲ್ಲೇ ಬೇಡ ಅಂತ ಉತ್ತರ ಬಂತು. ಹಸ್ತಪ್ರತಿ ಕಳಿಸಿ, ನೋಡ್ತೀವಿ ಅಂತ ಕೂಡ ಅನ್ನಲಿಲ್ಲ.

ಆಮೇಲೆ ಹದಿನೈದು ವರ್ಷ ಆ ಕಥೆ ಮನೆಯೊಳಗೇ ಉಳೀತು. ಆದ್ರೆ ಸುಮ್ಮನೆ ಬಿದ್ದಿರ್ಲಿಲ್ಲ. ಮನೆಯವರು ಓದಿದ್ರು, ಗೆಳತಿ ಮಾರ್ಥಾ ಲಾಯ್ಡ್ ಓದಿದ್ಲು, ಮತ್ತೆ ಬೇಕು ಅಂತ ಕೇಳಿದ್ಲು. 1799ರ ಒಂದು ಪತ್ರದಲ್ಲಿ ಜೇನ್ ತನ್ನ ಅಕ್ಕ ಕಸಾಂಡ್ರಾಗೆ ತಮಾಷೆ ಮಾಡ್ತಾಳೆ: ಮಾರ್ಥಾಗೆ ಇನ್ನೊಂದು ಸಲ ಕೊಡಬಾರದು, ಕೊಟ್ರೆ ಪೂರ್ತಿ ಬಾಯಿಪಾಠ ಮಾಡಿ ತಾನೇ ಅಚ್ಚು ಹಾಕಿಸಿಬಿಡ್ತಾಳೆ ಅಂತ. ಪ್ರಕಾಶಕರು ಕಣ್ಣೆತ್ತಿ ನೋಡದ ಪುಸ್ತಕಕ್ಕೆ ಆಗಲೇ ಒಬ್ಬಳು ಫ್ಯಾನ್ ಇದ್ದಳು ನೋಡಿ!

(3/5)
ಈಗ ದುಡ್ಡಿನ ವಿಷಯ. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ಮತ್ತು ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರು ಕೊಡೋ ಹಣವನ್ನೇ ನೆಚ್ಚಿಕೊಂಡು ಬದುಕಬೇಕಾಯ್ತು. ಊರಿಂದ ಊರಿಗೆ ಮನೆ ಬದಲಾಯಿಸಿದ್ರು. 1809ರಲ್ಲಿ ಎಡ್ವರ್ಡ್ ಅನ್ನೋ ಅಣ್ಣ ಚಾಟನ್ ಹಳ್ಳೀಲಿ ಒಂದು ಮನೆ ಕೊಟ್ಟ ಮೇಲೇನೇ ಜೇನ್ ನೆಮ್ಮದಿಯಾಗಿ ಕೂತು ಹಳೇ ಕಾಗದಗಳನ್ನ ತೆಗೆದದ್ದು.

1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಅಚ್ಚಾಯ್ತು. ಅದರ ವ್ಯವಸ್ಥೆ ಹೀಗೆ: ಅಚ್ಚಿನ ಖರ್ಚಿನ ಹೊಣೆ ಬರೆದವಳದ್ದು, ಪ್ರಕಾಶಕ ಎಗರ್ಟನ್‌ಗೆ ಮಾರಾಟದ ಮೇಲೆ ಕಮಿಷನ್. ಲಾಭ ಬಂದ್ರೆ ಅವಳಿಗೆ, ನಷ್ಟ ಆದ್ರೂ ಅವಳಿಗೆ. ನಷ್ಟ ತುಂಬೋಕೆ ಅಂತ ತನ್ನ ಪುಟ್ಟ ಆದಾಯದಲ್ಲಿ ಸ್ವಲ್ಪ ಎತ್ತಿಟ್ಟಿದ್ದಳಂತೆ. ನಮ್ಮ ಭಾಷೇಲಿ ಹೇಳೋದಾದ್ರೆ ಪ್ರಾವಿಷನ್. ಕೊನೆಗೆ 140 ಪೌಂಡ್ ಲಾಭ ಬಂತು. ಆದ್ರೆ ಅದು ಕೈಗೆ ಬಂದು ಲೆಕ್ಕ ಚುಕ್ತಾ ಆಗಿದ್ದು 1813ರ ಹೊತ್ತಿಗೆ.

ಅದಕ್ಕೂ ಮುಂಚೆ, 1812ರ ನವೆಂಬರ್‌ನಲ್ಲೇ, ತಿದ್ದಿ ಚಿಕ್ಕದು ಮಾಡಿ ಹೆಸರು ಬದಲಾಯಿಸಿದ ‘ಪ್ರೈಡ್ ಅಂಡ್ ಪ್ರಿಜುಡಿಸ್’ನ ಹಕ್ಕನ್ನ ಅದೇ ಎಗರ್ಟನ್‌ಗೆ ಪೂರ್ತಿ ಮಾರಿಬಿಟ್ಟಿದ್ಳು. ಅವಳ ಮನಸ್ಸಿನಲ್ಲಿ ಇದ್ದದ್ದು 150 ಪೌಂಡ್. ಸಿಕ್ಕಿದ್ದು 110. ಒಂದೇ ಸಲ, ಅಷ್ಟೇ.

1813ರ ಜನವರಿ 28ಕ್ಕೆ ಪುಸ್ತಕ ಬಂತು, ಮೂರು ಸಂಪುಟಕ್ಕೆ 18 ಶಿಲಿಂಗ್. ಅದೇ ವರ್ಷ ಎರಡನೇ ಮುದ್ರಣ, 1817ರಲ್ಲಿ ಮೂರನೇದು. ಇದರಲ್ಲಿ ಜೇನ್‌ಗೆ ಒಂದು ಪೆನ್ನಿನೂ ಇಲ್ಲ. ತಿದ್ದುಪಡಿ ಮಾಡೋ ಅವಕಾಶ ಕೂಡ ಸಿಕ್ಕಿದ ಹಾಗೆ ಕಾಣಲ್ಲ. ಓದಿದಾಗ ನಂಗೆ ಹೊಟ್ಟೆ ಉರೀತು. ಆದ್ರೆ ಅವಳ ಜಾಗದಲ್ಲಿ ನಿಂತು ನೋಡಿ: ಮೊದಲ ಪುಸ್ತಕದ ಲೆಕ್ಕ ಇನ್ನೂ ಮುಗಿದಿಲ್ಲ, ಸ್ವಂತ ಸಂಪಾದನೆ ಇಲ್ಲ, ಎದುರಿಗೆ ಗಟ್ಟಿ ದುಡ್ಡು. ನಾನಾದ್ರೂ ಸಹಿ ಹಾಕ್ತಿದ್ದೆ.

(4/5)
ಈ ಕಥೇನ ಬರೀ ಲವ್ ಸ್ಟೋರಿ ಅನ್ನೋರಿಗೆ ಒಂದು ದೃಶ್ಯ ಹೇಳ್ತೀನಿ. ಬೆನೆಟ್ ಮನೇಲಿ ಐದು ಜನ ಹೆಣ್ಣುಮಕ್ಕಳು. ಗಂಡುಸಂತಾನ ಇಲ್ಲ ಅಂತ ಆಸ್ತಿ ಹೋಗೋದು ಕಾಲಿನ್ಸ್ ಅನ್ನೋ ಸಂಬಂಧಿಗೆ. ಆ ಮಹಾನುಭಾವ ಎಲಿಜಬೆತ್‌ನ ಮದುವೆ ಆಗ್ತೀಯಾ ಅಂತ ಕೇಳೋವಾಗ್ಲೇ ಅವಳ ಪಾಲಿನ ಲೆಕ್ಕ ಒಪ್ಪಿಸ್ತಾನೆ: ಶೇಕಡಾ 4ರ ಸರ್ಕಾರಿ ಪತ್ರದಲ್ಲಿರೋ 1000 ಪೌಂಡ್, ಅದೂ ಅಮ್ಮ ಸತ್ತ ಮೇಲೆ. ಅಂದ್ರೆ ವರ್ಷಕ್ಕೆ 40 ಪೌಂಡ್ ಬಡ್ಡಿ. ಡಾರ್ಸಿಯ ಆದಾಯ ವರ್ಷಕ್ಕೆ 10,000. ಈಗ ಎಲಿಜಬೆತ್ ಇಬ್ಬರಿಗೂ ‘ಆಗಲ್ಲ’ ಅಂದದ್ದನ್ನ ಇನ್ನೊಂದು ಸಲ ಓದಿ. ಅವಳು ಪಣಕ್ಕಿಟ್ಟದ್ದು ಎಷ್ಟು ಅಂತ ಆಗ ಗೊತ್ತಾಗುತ್ತೆ.

ಹೋದ ತಿಂಗಳು ಕರೆಂಟ್ ಹೋದಾಗ ಇದೇ ದೃಶ್ಯನ ರೂಮ್‌ನಲ್ಲಿ ಕನ್ನಡದಲ್ಲಿ ಹೇಳಿದೆ. ಮೊದಲು ನಕ್ಕರು. ಆಮೇಲೆ ಒಬ್ಬಳು, ‘ನಮ್ಮಕ್ಕನ್ನ ನೋಡೋಕೆ ಬಂದೋನು ಹೀಗೇ ಸೈಟ್ ಎಷ್ಟು ಅಡಿ ಅಂತ ಕೇಳಿದ್ದ ಕಣೇ’ ಅಂದ್ಲು. ಕರೆಂಟ್ ಬಂದ್ರೂ ಯಾರೂ ಫೋನ್ ಮುಟ್ಟಲಿಲ್ಲ. ‘ಆಮೇಲೆ?’ ಅಂತಾನೇ ಕೂತಿದ್ರು.

ಜೇನ್ ಕೂಡ ಹೀಗೇ ಮಾಡಿದ್ಲು! ಪ್ರತಿ ಲಂಡನ್ನಿಂದ ಚಾಟನ್‌ಗೆ ಬಂದಾಗ, ತನ್ನ ಮುದ್ದಿನ ಕೂಸೇ ಬಂತು ಅನ್ನೋ ಧಾಟೀಲಿ ಅಕ್ಕನಿಗೆ ಪತ್ರ ಬರೆದಳು. ಅದೇ ದಿನ ಮಿಸ್ ಬೆನ್ ಅನ್ನೋ ನೆರೆಯಾಕೆ ಊಟಕ್ಕೆ ಬಂದಿದ್ರು, ಆಕೆ ಬಡವೆ, ಒಂಟಿ ಹೆಂಗಸು. ಸಂಜೆ ತಾಯಿ ಮಗಳು ಸೇರಿ ಆಕೆಗೆ ಪುಸ್ತಕ ಓದಿ ಹೇಳಿದ್ರು. ಬರೆದವಳು ಇವಳೇ ಅಂತ ಮಾತ್ರ ಬಾಯಿಬಿಡಲಿಲ್ಲ. ಮಿಸ್ ಬೆನ್‌ಗೆ ಎಲಿಜಬೆತ್ ತುಂಬ ಹಿಡಿಸಿದಳು. ಮುಂದಿನ ಸಲ ಅಮ್ಮ ಗಡಿಬಿಡೀಲಿ ಓದಿ, ಪಾತ್ರಗಳ ಮಾತಿನ ಧಾಟಿ ಬರಲ್ಲ ಅಂತ ಜೇನ್‌ಗೆ ಸಿಟ್ಟು.

ಕೊಂಡು ಓದೋದು ಆಗ ಎಲ್ಲರಿಂದ ಆಗೋ ಮಾತಲ್ಲ. ಹೊಲದ ಕೂಲಿಯವನ ಒಂದು ವಾರದ ಸಂಬಳಕ್ಕಿಂತ 18 ಶಿಲಿಂಗ್ ಹೆಚ್ಚು. ಅದಕ್ಕೇ ಚಂದಾ ಕಟ್ಟಿ ಪುಸ್ತಕ ಒಯ್ಯೋ ಬಾಡಿಗೆ ಲೈಬ್ರರಿಗಳು ಇದ್ವು. ಮೂರು ಸಂಪುಟ ಇದ್ರೆ ಒಂದೇ ಕಾದಂಬರೀನ ಒಂದೇ ವೇಳೆ ಮೂರು ಜನಕ್ಕೆ ಕೊಡಬಹುದು. ಲೈಬ್ರರಿಯವನ ಬುದ್ಧಿ! ಅಣ್ಣ ಹೆನ್ರಿ ಅಂತೂ, ಯಾರಾದ್ರೂ ಹೊಗಳಿದ್ರೆ ಸಾಕು, ‘ನನ್ನ ತಂಗಿ ಬರೆದದ್ದು’ ಅಂತ ಹೇಳಿ ಗುಟ್ಟು ರಟ್ಟು ಮಾಡ್ತಿದ್ದ.

(5/5)
ಆಮೇಲೆ ಜೇನ್ ಯಾವ ಕಾದಂಬರಿಯ ಹಕ್ಕನ್ನೂ ಮಾರಲಿಲ್ಲ. 1815ರಲ್ಲಿ ಜಾನ್ ಮರ್ರೆ ಅನ್ನೋ ದೊಡ್ಡ ಪ್ರಕಾಶಕ ‘ಎಮ್ಮಾ’ ಜೊತೆ ಇನ್ನೆರಡು ಕಾದಂಬರಿಗಳ ಹಕ್ಕು ಸೇರಿಸಿ 450 ಪೌಂಡ್ ಕೊಡ್ತೀನಿ ಅಂದ. ಬೇಡ ಅಂದು ಕಮಿಷನ್ ದಾರೀನೇ ಹಿಡಿದಳು. ಸಿನಿಮಾ ಆಗಿದ್ರೆ ಇಲ್ಲಿ ಅವಳು ಗೆಲ್ಲಬೇಕಿತ್ತು. ಆದ್ರೆ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಎರಡನೇ ಮುದ್ರಣ ನಷ್ಟ ತಂದು, ‘ಎಮ್ಮಾ’ದ ಲಾಭದಲ್ಲಿ ಅದನ್ನ ಕಳೆದು ಕೈಗೆ ಬಂದದ್ದು 39 ಪೌಂಡ್ ಕೂಡ ಇಲ್ಲ. ಅದು 1817ರ ಆರಂಭದಲ್ಲಿ. ಜುಲೈ 18ಕ್ಕೆ, 41ನೇ ವಯಸ್ಸಿನಲ್ಲಿ ತೀರಿಹೋದಳು. ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿರೋ ಅವಳ ಸಮಾಧಿ ಕಲ್ಲಿನ ಮೇಲೆ ಕಾದಂಬರಿಗಳ ಪ್ರಸ್ತಾಪವೇ ಇಲ್ಲ.

1830ರ ದಶಕದಲ್ಲಿ ಬೆಂಟ್ಲಿ ಅನ್ನೋ ಪ್ರಕಾಶಕ ಉಳಿದ ಐದು ಕಾದಂಬರಿಗಳ ಹಕ್ಕಿಗೆ ಹೆನ್ರಿ, ಕಸಾಂಡ್ರಾಗೆ 210 ಪೌಂಡ್ ಕೊಟ್ಟ. ‘ಪ್ರೈಡ್ ಅಂಡ್ ಪ್ರಿಜುಡಿಸ್’ ಹಕ್ಕು ಮಾತ್ರ ಎಗರ್ಟನ್ ಕಡೆಯವರ ಹತ್ರ ಇತ್ತಲ್ಲ, ಅದಕ್ಕೆ 40 ಪೌಂಡ್ ಅವರಿಗೇ ಹೋಯ್ತು. ಬೆಂಟ್ಲಿ ಒಂದೇ ಸಂಪುಟ ಮಾಡಿ 6 ಶಿಲಿಂಗಿಗೆ ಮಾರಿದ. ಅಲ್ಲಿಂದ ಪುಸ್ತಕ ಹೆಚ್ಚು ಕೈಗಳಿಗೆ ಸಿಗೋಕೆ ಶುರುವಾಯ್ತು.

ನನ್ನ ಪ್ರತಿ ಸೆಕೆಂಡ್ ಹ್ಯಾಂಡ್, ನವಿಲಿಲ್ಲದ್ದು. ಸದ್ಯ ಫೈನಲ್ ಇಯರ್ ಅಕ್ಕ ಒಬ್ಬರ ಹತ್ರ ಇದೆ. ಅದಾದ ಮೇಲೆ ‘ಬಿ’ ಸೆಕ್ಷನ್ ಹುಡುಗನ ಸರದಿ, ಆಮೇಲೆ ಖಾಲಿ ಇದೆ. ಬೇಕಾದೋರು ಕೆಳಗೆ ಹೆಸರು ಹಾಕಿ. ಹಾಂ, 47ನೇ ಪುಟದ ಸಾಂಬಾರ್ ಕಲೆ ನನ್ನದಲ್ಲ.