66 ಅಡಿಯ ಚೈನು

ಪುಣೆಯ ಸುತ್ತ ಜಾಗ ಕೊಳ್ಳಲು ಹೊರಟವರಿಗೆ ‘ಗುಂಠಾ’ ಲೆಕ್ಕ ಗೊತ್ತಿರುತ್ತದೆ. ಹೈದರಾಬಾದಿನ ಹೊರವಲಯದಲ್ಲಿ ಅದೇ ‘ಗುಂಟ’, ಧಾರವಾಡದ ಪಹಣಿಯಲ್ಲಿ ‘ಗುಂಟೆ’. ಮೂರೂ ಒಂದೇ ಅಳತೆ: 1,089 ಚದರ ಅಡಿ, 40 ಗುಂಟೆ ಸೇರಿದರೆ ಒಂದು ಎಕರೆ. ಚೆನ್ನೈಯವರು ಮಾತನಾಡುವುದು ‘ಸೆಂಟ್’ ಲೆಕ್ಕದಲ್ಲಿ. ಅದು 435.6 ಚದರ ಅಡಿ. 100 ಸೆಂಟ್ ಸೇರಿದರೆ ಅದೇ ಎಕರೆ.

ಈ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಬಂದವು? ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 33 ಎಂದರೆ 66ರ ಅರ್ಧ. ಆ 66 ಅಡಿಯ ಹೆಸರೇ ಚೈನು. ಕ್ರಿಕೆಟ್ ಪಿಚ್ಚಿನ ಉದ್ದವೂ ಅಷ್ಟೇ, 22 ಗಜ. ಹತ್ತು ಚೈನು ಒಂದು ಫರ್ಲಾಂಗು, ಎಂಬತ್ತು ಚೈನು ಒಂದು ಮೈಲು.

ಇಂಗ್ಲಿಷಿನಲ್ಲಿ ಚೈನ್ ಎಂಬ ಒಂದೇ ಪದ ಕೈದಿಯ ಕಾಲಿಗೂ ಸೈಕಲ್ಲಿಗೂ ಬೆಟ್ಟಸಾಲಿಗೂ ಅಂಗಡಿಗಳಿಗೂ ಇಂಗಾಲದ ಪರಮಾಣುಗಳಿಗೂ ಸಲ್ಲುತ್ತದೆ. ಕನ್ನಡ ಈ ಕೆಲಸವನ್ನು ಹಂಚಿಕೊಂಡಿದೆ. ಬಂಧಿಸುವುದು ಸಂಕೋಲೆ, ಬೆಟ್ಟದ್ದು ಶ್ರೇಣಿ, ಅಂಗಡಿಗಳದ್ದು ಸರಣಿ, ಹುಲ್ಲಿನಿಂದ ಹುಲಿಯವರೆಗಿನದು ಆಹಾರ ಸರಪಳಿ. ಕೊರಳಿನ ಚಿನ್ನ, ರೈಲಿನ ಎಚ್ಚರಿಕೆ, ಸರ್ವೆಯವರ ಅಳತೆ ಈ ಮೂರಕ್ಕೆ ನಾವು ಚೈನು ಎಂಬುದನ್ನೇ ಇಟ್ಟುಕೊಂಡೆವು. ಇವುಗಳಲ್ಲಿ ಅತಿ ಹೆಚ್ಚು ಜನರ ಬದುಕನ್ನು ಮುಟ್ಟಿದ್ದು ಮೂರನೆಯದು. ಅದರ ಬಗ್ಗೆ ನಮಗೆ ತಿಳಿದಿರುವುದು ಮಾತ್ರ ಕಡಿಮೆ.

ಭೂಮಿ ಅಳೆಯುವುದು ನಮಗೆ ಹೊಸದೇನಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಮತ್ತರು, ಕಮ್ಮಗಳ ಲೆಕ್ಕವಿದೆ. ಅಳೆಯುವ ಕೋಲಿಗೆ ಘಳೆ ಎಂಬ ಹೆಸರಿತ್ತು. ವಾದ ಬಂದರೆ ತಾಳೆ ನೋಡಲೆಂದು ಅದರ ಉದ್ದವನ್ನು ದೇವಸ್ಥಾನದ ಕಲ್ಲಿನ ಮೇಲೆ ಕೊರೆದಿಡುವ ರೂಢಿಯೂ ಇತ್ತು. ಅಳತೆಗೋಲನ್ನು ಅಧಿಕಾರಿಯ ಕೈಯಲ್ಲಿ ಮಾತ್ರ ಬಿಡಬಾರದೆಂಬ ವಿವೇಕ ಅದು.

ಉತ್ತರದಲ್ಲಿ ಅಕ್ಬರನ ಕಾಲದವರೆಗೆ ಹೊಲ ಅಳೆಯುತ್ತಿದ್ದುದು ಸೆಣಬಿನ ಹಗ್ಗದಿಂದ. ಹಗ್ಗ ತೇವಕ್ಕೆ ಕುಗ್ಗುತ್ತದೆ, ಒಣಗಿದರೆ ಹಿಗ್ಗುತ್ತದೆ. ಕುಗ್ಗಿದ ಹಗ್ಗದಿಂದ ಅಳೆದರೆ ಅದೇ ಹೊಲ ಕಾಗದದ ಮೇಲೆ ದೊಡ್ಡದಾಗುತ್ತದೆ, ಕಂದಾಯವೂ ಏರುತ್ತದೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಅಳೆಸಿಕೊಂಡ ರೈತ ಮಧ್ಯಾಹ್ನ ಅಳೆಸಿಕೊಂಡವನಿಗಿಂತ ಹೆಚ್ಚು ಕೊಡಬೇಕಾಗಿತ್ತು. 1570ರ ದಶಕದಲ್ಲಿ ಹಗ್ಗವನ್ನು ಬಿಟ್ಟು, ಬಿದಿರಿನ ತುಂಡುಗಳನ್ನು ಕಬ್ಬಿಣದ ಬಳೆಗಳಿಂದ ಕೂಡಿಸಿದ ಸಾಧನ ಬಂತು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಇದರ ವಿವರವಿದೆ. ಹೆಸರು ಏನೇ ಇರಲಿ, ಅದೂ ಒಂದು ಸರಪಳಿಯೇ.

ಇಂಗ್ಲೆಂಡಿನ ಚೈನು ಬಂದಿದ್ದು ಅದಾದ ಸುಮಾರು ಅರ್ಧ ಶತಮಾನಕ್ಕೆ. ಎಡ್ಮಂಡ್ ಗುಂಟರ್ ಪಾದ್ರಿ, ಜೊತೆಗೆ ಲಂಡನ್ನಿನ ಗ್ರೆಷಮ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕ. ಗುಂಟೆಗೂ ಗುಂಟರನ ಹೆಸರಿಗೂ ಇರುವುದು ಕೇವಲ ಕಾಕತಾಳೀಯ ಹೋಲಿಕೆ. 1620ರಲ್ಲಿ ಅವನು 66 ಅಡಿಯನ್ನು 100 ಕೊಂಡಿಗಳಾಗಿ ಭಾಗ ಮಾಡಿದ. ಎಕರೆ, ಫರ್ಲಾಂಗುಗಳ ಹಳೆಯ ಲೆಕ್ಕ ಹಾಗೆಯೇ ಉಳಿಯಿತು, ಅದರೊಳಗೆ ದಶಮಾಂಶ ಬಂದು ಕೂತಿತು. ಹತ್ತು ಚದರ ಚೈನು ಎಂದರೆ ಒಂದು ಎಕರೆ, ಅಂದರೆ ಒಂದು ಲಕ್ಷ ಚದರ ಕೊಂಡಿ. ಹೊಲದ ಉದ್ದ ಅಗಲಗಳನ್ನು ಕೊಂಡಿಗಳಲ್ಲಿ ಎಣಿಸಿ ಗುಣಿಸಿದರೆ ಸಾಕು, ಚುಕ್ಕೆಯನ್ನು ಐದು ಸ್ಥಾನ ಸರಿಸಿದರೆ ಎಕರೆ ಸಿಗುತ್ತದೆ. ಹೆಚ್ಚು ಓದದವನೂ ಈ ಲೆಕ್ಕ ಮಾಡಬಹುದಿತ್ತು. ಚೆನ್ನೈಯ ಒಂದು ಸೆಂಟ್ ಸರಿಯಾಗಿ ಸಾವಿರ ಚದರ ಕೊಂಡಿ.

ಭಾರತಕ್ಕೆ ಬಂದ ಚೈನುಗಳಲ್ಲಿ ಹೆಸರಾಗಿದ್ದು ಮಾತ್ರ ಬೇರೆಯದು, 100 ಅಡಿಯದು. ಲಂಡನ್ನಿನ ರಾಮ್ಸ್‌ಡನ್ ತಯಾರಿಸಿದ, ಎರಡೂವರೆ ಅಡಿಯ 40 ಉಕ್ಕಿನ ಸರಳುಗಳ ಚೈನು. 1793ರಲ್ಲಿ ಮೆಕಾರ್ಟ್ನಿಯ ನಿಯೋಗ ಚೀನಾದ ಚಕ್ರವರ್ತಿಗೆಂದು ಒಯ್ದ ವಸ್ತುಗಳಲ್ಲಿ ಅದೂ ಇತ್ತು. ಅಲ್ಲಿ ಅದು ಬೇಡವಾಯಿತು. ಕಲ್ಕತ್ತೆಗೆ ಬಂದು, ಕೊನೆಗೆ ವಿಲಿಯಂ ಲ್ಯಾಂಬ್ಟನ್ನನ ಕೈ ಸೇರಿತು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಈ ಸೈನಿಕ 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದನ್ನು. ಅಲ್ಲಿ ಏಳೂವರೆ ಮೈಲಿಗೆ 57 ದಿನ ಬೇಕಾದವು.

ಅಷ್ಟು ದಿನ ಏಕೆ? ಚೈನನ್ನು ನೆಲದ ಮೇಲೆ ಎಳೆದುಕೊಂಡು ಹೋಗುವಂತಿರಲಿಲ್ಲ. ಕೈಯಲ್ಲಿ ಎತ್ತಿ ಹಿಡಿದರೆ ನಡುವೆ ಜೋಲುತ್ತದೆ, ಅಳತೆ ತಪ್ಪುತ್ತದೆ. ಆದ್ದರಿಂದ ಮರದ ತೊಟ್ಟಿಗಳನ್ನು ಸಾಲಾಗಿ ಜೋಡಿಸಿ, ಅವುಗಳಲ್ಲಿ ಚೈನು ಮಲಗಿಸಿ, ತೂಕ ಕಟ್ಟಿ ಬಿಗಿದು, ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆಯುತ್ತಿದ್ದರು. 100 ಅಡಿ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಒಮ್ಮೆಗೆ ಏನೂ ಅನಿಸದು. ಸುಮಾರು 400 ಸಲ ಚೈನು ಹಾಕುವಾಗ ಅದೇ ಮೂರೂವರೆ ಮಿಲಿಮೀಟರ್ ಸುಮಾರು ಒಂದೂವರೆ ಮೀಟರ್ ಆಗುತ್ತದೆ. ಹಿಮಾಲಯದವರೆಗೆ ಹೋಗಬೇಕಾಗಿದ್ದ ತ್ರಿಕೋನಗಳ ಸಾಲು ಆ ತಪ್ಪನ್ನೂ ಹೊತ್ತುಕೊಂಡೇ ಹೋಗುತ್ತಿತ್ತು.

ರೈತನ ಹೊಲಕ್ಕೆ ಇಂಥ ಉಪಚಾರ ಇರಲಿಲ್ಲ. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಕಂದಾಯ ಸರ್ವೆಯೇ ಮುಂದೆ ಬೊಂಬಾಯಿ ಪದ್ಧತಿಯಾಯಿತು. ಅದು ಧಾರವಾಡ, ಬೆಳಗಾವಿಗಳಿಗೆ ಬಂತು, 1860ರ ದಶಕದಲ್ಲಿ ಮೈಸೂರಿಗೂ ಬಂತು. ಕಂದಾಯ ಸರ್ವೆಯ ಚೈನು 33 ಅಡಿಯದು, 16 ಕೊಂಡಿಗಳದು. ಒಂದೊಂದು ಭಾಗಕ್ಕೆ ಆಣೆ ಎಂದೇ ಹೆಸರು, ರೂಪಾಯಿಗೆ 16 ಆಣೆ ಇದ್ದ ಹಾಗೆ. ಗುಂಟೆ ಎಂಬ ಹೆಸರು ಇಲ್ಲಿಯದು. 33 ಅಡಿಯ ಚೌಕ ಸರ್ವೆಯದು.

ಈ ಚೈನುಗಳು ಮುಳ್ಳು, ಕೆಸರು, ಕಲ್ಲುಗಳ ಮೇಲೆ ವರ್ಷಗಟ್ಟಲೆ ಎಳೆದಾಡಿಸಿಕೊಂಡವು. 100 ಕೊಂಡಿಯ ಚೈನಿನಲ್ಲಿ ಕೊಂಡಿಗೂ ಬಳೆಗೂ ಉಜ್ಜುವ ಜಾಗಗಳು 600ರಿಂದ 800 ಇರುತ್ತವೆ. ಒಂದೊಂದೂ ಇಂಚಿನ ನೂರನೇ ಒಂದು ಭಾಗ ಸವೆದರೆ 66 ಅಡಿಯ ಚೈನು ಆರರಿಂದ ಎಂಟು ಇಂಚು ಉದ್ದವಾಗುತ್ತದೆ. ಎಂಟು ಇಂಚು ಎಂದರೆ ಉದ್ದದಲ್ಲಿ ಶೇಕಡಾ 1, ವಿಸ್ತೀರ್ಣದಲ್ಲಿ ಶೇಕಡಾ 2. ಒಂದು ಎಕರೆಗೆ ಮುಕ್ಕಾಲು ಗುಂಟೆಗೂ ಹೆಚ್ಚು. ಇಂದಿನ 30×40 ಸೈಟಿನ ಹೆಚ್ಚುಕಡಿಮೆ ಮುಕ್ಕಾಲು ಭಾಗ. ಹಿಗ್ಗಿದ ಚೈನಿನಿಂದ ಅಳೆದ ಹೊಲ ದಾಖಲೆಯಲ್ಲಿ ಚಿಕ್ಕದಾಗುತ್ತದೆ. ಅಂದು ಕಂದಾಯ ಕಡಿಮೆಯಾಗಿ ರೈತನಿಗೆ ಲಾಭವಾಗಿರಬಹುದು. ಮಾರುವಾಗ, ಪಾಲು ಮಾಡುವಾಗ, ಸರ್ಕಾರ ಭೂಸ್ವಾಧೀನಕ್ಕೆ ಪರಿಹಾರ ಕೊಡುವಾಗ ಅದೇ ನಷ್ಟ. ಅದಕ್ಕೇ ಚೈನನ್ನು ಆಗಾಗ ಪ್ರಮಾಣದ ಅಳತೆಯೊಂದಿಗೆ ತಾಳೆ ನೋಡಬೇಕೆಂಬ ನಿಯಮ.

ಪದ ಒಂದೇ ಆದರೂ ಕ್ಷೇತ್ರದಿಂದ ಕ್ಷೇತ್ರಕ್ಕೆ ಅದರ ಗಣಿತ ಬೇರೆ ಎಂಬುದು ಇಲ್ಲಿ ಕಾಣುತ್ತದೆ. ಕಟ್ಟುವ ಸರಪಳಿಯಲ್ಲಿ ಅತಿ ದುರ್ಬಲ ಕೊಂಡಿಯ ಬಲವೇ ಇಡೀ ಸರಪಳಿಯ ಬಲ. ಉಳಿದವು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಅಳೆಯುವ ಸರಪಳಿಯಲ್ಲಿ ಎಲ್ಲ ಕೊಂಡಿಗಳ ತಪ್ಪುಗಳೂ ಕೂಡುತ್ತವೆ. ಯಾವೊಂದನ್ನೂ ಬೆರಳು ಮಾಡಿ ತೋರಿಸಲಾಗದು. ರೈಲಿನ ಚೈನು ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಅದು ರೈಲನ್ನು ಎಳೆದು ನಿಲ್ಲಿಸುವುದಿಲ್ಲ, ಕವಾಟವೊಂದನ್ನು ತೆರೆಯುತ್ತದೆ. ಬ್ರೇಕ್ ಕೊಳವೆಯ ಒತ್ತಡ ಬದಲಾಗಿ ಬ್ರೇಕು ಹಿಡಿಯುತ್ತದೆ. 1942ರ ಡಿಸೆಂಬರ್ 2ರಂದು ಶಿಕಾಗೊದಲ್ಲಿ ಎನ್ರಿಕೊ ಫರ್ಮಿಯ ತಂಡ ನಡೆಸಿದ ಸರಪಳಿ ಕ್ರಿಯೆಯದು ಗುಣಾಕಾರ: ಒಂದು ಯುರೇನಿಯಂ ಬೀಜ ಒಡೆದರೆ ಎರಡೋ ಮೂರೋ ನ್ಯೂಟ್ರಾನುಗಳು ಹೊರಬರುತ್ತವೆ. ಅವನ್ನು ಹಿಡಿತದಲ್ಲಿಟ್ಟರೆ ವಿದ್ಯುತ್ತು, ಬಿಟ್ಟರೆ ಬಾಂಬು.

ನಮ್ಮ ಮಾತಿನಲ್ಲಿ ಹೆಚ್ಚು ಓಡಾಡುವುದು ಮೊದಲನೆಯ ಗಣಿತ. ಏನೇ ತಪ್ಪಿದರೂ ‘ದುರ್ಬಲ ಕೊಂಡಿ’ ಯಾರೆಂದು ಹುಡುಕುತ್ತೇವೆ. ಜಮೀನಿನ ವಿಷಯದಲ್ಲಿ ಈ ಅಭ್ಯಾಸ ದುಬಾರಿ. 20, 30 ಮೀಟರಿನ ಚೈನು ಬಂದು, ಟೇಪು ಬಂದು, ಈಗ ಉಪಗ್ರಹದ ನೆರವಿನ ಯಂತ್ರ, ಡ್ರೋನುಗಳು ಬಂದಿವೆ. ಹಳೆಯ ಕಾಗದದ ಗುಂಟೆಗೂ ಹೊಸ ಅಳತೆಗೂ ತಾಳೆಯಾಗದಿದ್ದಾಗ ಮೊದಲ ಅನುಮಾನ ಪಕ್ಕದ ಹೊಲದವನ ಮೇಲೆ. ಎರಡನೆಯದು ಊರಲ್ಲೇ ಉಳಿದು ಹೊಲ ನೋಡಿಕೊಂಡ ತಮ್ಮನ ಮೇಲೆ, ಅದರಲ್ಲೂ ನಾವು ಮುಂಬೈಯಲ್ಲೋ ದೆಹಲಿಯಲ್ಲೋ ಕೂತು ಫೋನಿನಲ್ಲಿ ಲೆಕ್ಕ ಕೇಳುವಾಗ. ಒತ್ತುವರಿ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಎಲ್ಲ ವ್ಯತ್ಯಾಸವೂ ಒತ್ತುವರಿಯಲ್ಲ. ಕೆಲವು ಅಡಿಗಳನ್ನು ಯಾರೂ ಕದ್ದಿರುವುದಿಲ್ಲ. ಅವು ಸವೆದ ಬಳೆಗಳಲ್ಲಿ ಹೋಗಿರುತ್ತವೆ.

ಸರ್ವೆಯವರನ್ನು ಕರೆಸುವ ಮೊದಲು, ಕೋರ್ಟಿಗೆ ಹೋಗುವ ಮೊದಲಂತೂ ಖಂಡಿತ, ದಾಖಲೆಯ ಅಂಕಿ ಯಾವ ಕಾಲದ ಅಳತೆ ಎಂದು ಕೇಳುವುದು ಒಳ್ಳೆಯದು. ಹಿಂದಿನವರು ಕೋಲಿನ ಉದ್ದವನ್ನು ಗುಡಿಯ ಕಲ್ಲಿನಲ್ಲಿ ಕೊರೆಸಿದ್ದು ಇದೇ ಕಾರಣಕ್ಕೆ. ನೆರೆಯವನ ಪ್ರಾಮಾಣಿಕತೆಯನ್ನು ಅಳೆಯುವ ಮುನ್ನ ಅಳತೆಗೋಲನ್ನೇ ಅಳೆದು ನೋಡಬೇಕಿತ್ತು.